ಯಾವ ಸಿನಿಮಾದಲ್ಲೂ ಇಲ್ಲದ ಧಾಟಿ

ಮೊನ್ನೆ ಸ್ಟಾಫ್ ರೂಮಿನಲ್ಲಿ ಒಂಬತ್ತನೇ ಕ್ಲಾಸಿನ ಕನ್ನಡ ಪೇಪರು ತಿದ್ದುತ್ತಾ ಕುಳಿತಿದ್ದೆ. ಎದುರಿಗಿದ್ದ ವಿಜ್ಞಾನದ ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಮೇಡಂ, ಆಗಿನಿಂದ ಏನೋ ಗುನುಗ್ತಾ ಇದೀರಲ್ಲ, ವಚನಾನಾ?" ಎಂದರು. ಆಗಲೇ ನನಗೂ ಗೊತ್ತಾದದ್ದು. ಅದು ವಚನವಲ್ಲ, ದಾಸರ ಪದವಲ್ಲ, ಭಾವಗೀತೆಯೂ ಅಲ್ಲ. ಬಕೀಟಿಗೆ ಬೀಳುವ ಒಂದು ಕಪ್ಪೆಯ ಹಾಡು. "ಹ್ಞೂಂ ಸಾರ್, ಅಂಥದ್ದೇ ಏನೋ" ಎಂದು ಹೇಳಿ ಕೆಂಪು ಪೆನ್ನಿನ ಕ್ಯಾಪು ಹುಡುಕತೊಡಗಿದೆ. ಕನ್ನಡ ಎಂ.ಎ. ಮಾಡಿದವಳ ನಾಲಿಗೆಯ ಮೇಲೆ ಸರಸ್ವತಿ ಇರಬೇಕಾದ ಜಾಗದಲ್ಲಿ ಕಪ್ಪೆ ಕೂತಿದೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ನಿಮ್ಮ ಮನೆಯಲ್ಲೂ ಮಗುವಿದ್ದರೆ ಈ ಕಷ್ಟ ನಿಮಗೂ ಗೊತ್ತಿರುತ್ತದೆ. ಕಷ್ಟಪಟ್ಟು ಬಾಯಿಪಾಠ ಮಾಡಿದ ಪದ್ಯ ಬೇಕಾದಾಗ ಬರುವುದಿಲ್ಲ. ಕಾರ್ಟೂನ್ ಹಾಡು ಬೇಡವೆಂದರೂ ಹೋಗುವುದಿಲ್ಲ. ಒಲೆಯ ಮುಂದೆ, ಬಸ್ಸಿನಲ್ಲಿ, ಪೇರೆಂಟ್ಸ್ ಮೀಟಿಂಗಿನಲ್ಲಿ, ಸಾವಿನ ಮನೆಯಲ್ಲಿ, ಎಲ್ಲಿ ಬೇಕಾದರೂ ಹಾಜರಾಗುತ್ತದೆ. ಸಾವಿನ ಮನೆ ಎಂದು ಸುಮ್ಮನೆ ಹೇಳಲಿಲ್ಲ. ಅಲ್ಲಿಗೇ ಬರುತ್ತಿದ್ದೇನೆ. ಆದರೆ ಅದಕ್ಕೂ ಮೊದಲು ಒಂದು ಟೀವಿಯ ವಿಷಯ ಹೇಳಬೇಕು.

ನಮ್ಮೂರು ಹೊನ್ನಾಳಿಗೂ ನ್ಯಾಮತಿಗೂ ನಡುವೆ ಇದೆ. ಡ್ರೈವರನಿಗೆ ಮನಸ್ಸಿದ್ದರೆ ಬಸ್ಸು ನಿಲ್ಲುತ್ತದೆ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆಲ್ಲ ಟೀವಿ ಇದ್ದದ್ದು ಗದಿಗೆಪ್ಪ ಮಾವನ ಮನೆಯಲ್ಲಿ ಮಾತ್ರ. ಮಾವ ಎಂದರೆ ರಕ್ತಸಂಬಂಧವೇನಲ್ಲ. ನಮ್ಮ ಕಡೆ ಬೀದಿಯ ಹಿರಿಯರೆಲ್ಲ ಒಂದೋ ಮಾವ, ಇಲ್ಲವೋ ದೊಡ್ಡಪ್ಪ. ಆ ಟೀವಿಯನ್ನು ನಡುಮನೆಯಲ್ಲಿ ಭತ್ತದ ಚೀಲಗಳ ಮೇಲೆ, ಮಾವನ ಹೆಂಡತಿ ಗಿರಿಜತ್ತೆಯ ಹಳೇ ಸೀರೆಯ ತುಂಡು ಹೊದಿಸಿ ಕೂರಿಸಿದ್ದರು. ಭತ್ತ ಮಾರಿದ ಹಾಗೆಲ್ಲ ಟೀವಿ ಕೆಳಗಿಳಿಯುತ್ತಿತ್ತು, ನಾವು ಕತ್ತು ತಗ್ಗಿಸುತ್ತಿದ್ದೆವು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಚಪ್ಪಲಿಯ ರಾಶಿ ನೋಡಿದವರು ಒಳಗೆ ಯಾರೋ ತೀರಿಕೊಂಡಿದ್ದಾರೆ ಎಂದುಕೊಳ್ಳಬೇಕು. ಒಳಗೆ ನಾವು ಕಾರ್ಟೂನ್ ನೋಡುತ್ತಿದ್ದೆವು.

ಅದು ಹಿಂದಿಯಲ್ಲಿ ಬರುತ್ತಿತ್ತು. ನಮ್ಮೂರಿನಲ್ಲಿ ಮೊಟ್ಟಮೊದಲು ಹಿಂದಿ ಮಾತಾಡಿದ್ದು ಪ್ರಾಣಿಗಳೇ. ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಗದಿಗೆಪ್ಪ ಮಾವನಿಗೂ ತಿಳಿಯುತ್ತಿರಲಿಲ್ಲ, ಆದರೂ ನಮಗೆ ಬಿಡಿಸಿ ಹೇಳುತ್ತಿದ್ದ. "ನೋಡ್ರಲೇ, ಆ ಕರಡಿ ಐತಲ್ಲ, ಅದು ಸೊಸೈಟಿ ಸೆಕ್ರೆಟರಿ. ಗೊಬ್ಬರ ಬಂದಿಲ್ಲ ಅಂತ ಸುಳ್ಳು ಹೇಳ್ತಾ ಐತೆ. ಆ ಕತ್ತೆ ನಾನು. ಹೆಂಗೆ ನಂಬ್ತಾ ಐತೆ ನೋಡ್ರಿ! ಇನ್ನ ಈ ಮಂಗ ನಮ್ಮ ಹಾಲಪ್ಪ. ಎಲ್ಲೆಲ್ಲಿ ಏನು ಕಂಡ್ರೂ ಕದ್ದು ಬಗಲಾಗೆ ಇಟ್ಕಂತಾನೆ." ನಾವು ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವಳಾದ ಮೇಲೆ ನಿಜವಾದ ಕಥೆ ತಿಳಿಯುವ ಹಾಗೆ ಅಂಥ ಕಾರ್ಟೂನುಗಳನ್ನು ಎಷ್ಟೋ ನೋಡಿದೆ. ಗದಿಗೆಪ್ಪ ಮಾವ ಹೇಳಿದಷ್ಟು ಚೆನ್ನಾಗಿರಲಿಲ್ಲ.

ಮಂಗ ಅನ್ನಿಸಿಕೊಂಡ ಹಾಲಪ್ಪ ನನ್ನ ಸ್ವಂತ ದೊಡ್ಡಪ್ಪ, ನಮ್ಮೂರ ಭಜನಾ ಮೇಳದ ಯಜಮಾನ. ಹಾರ್ಮೋನಿಯಂ ಅವನದು, ತಬಲಾ ಗದಿಗೆಪ್ಪ ಮಾವನದು. ಮಂಗ ಕದಿಯುತ್ತಿದ್ದದ್ದು ಧಾಟಿಯನ್ನು. ನಮ್ಮ ಕಡೆಯ ಭಜನೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಪದ ದೇವರದು, ರಾಗ ಸಿನಿಮಾದ್ದು. ಸಂತೆಯಲ್ಲಿ ಸಿಗುವ ಭಜನೆ ಪುಸ್ತಕಗಳಲ್ಲೂ ಶಿವನ ಪದದ ನೆತ್ತಿಯ ಮೇಲೆ ಯಾವ ಸಿನಿಮಾ ಹಾಡಿನ ಧಾಟಿ ಎಂದು ರಾಜಾರೋಷವಾಗಿ ಅಚ್ಚು ಹಾಕಿರುತ್ತಾರೆ. ಯಾರಿಗೂ ನಾಚಿಕೆಯಿಲ್ಲ, ಶಿವನಿಗಂತೂ ಇಲ್ಲವೇ ಇಲ್ಲ.

ಹೊನ್ನಾಳಿಯಿಂದ ಚನ್ನಗಿರಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ದೊಡ್ಡಪ್ಪನ ಸಂಗೀತ ಶಾಲೆ. ಹೊಸ ಸಿನಿಮಾ ಬಂದಿತೆಂದರೆ ಚನ್ನಗಿರಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಹೋಗಿ ಬರುತ್ತಿದ್ದ. ಹೋಗುವಾಗ ಪಲ್ಲವಿ ಕಲಿತರೆ ಬರುವಾಗ ಚರಣ. ಒಮ್ಮೆ ಜಗಳೂರಿನ ಭಜನಾ ಸ್ಪರ್ಧೆಗೆ, ಹೀರೋಯಿನ್ ಒಬ್ಬಳು ಕೈಯಲ್ಲಿ ಗ್ಲಾಸು ಹಿಡಿದು ತೂರಾಡುತ್ತಾ ಹಾಡುವ ಹಾಡಿನ ಧಾಟಿಗೆ ಶಿವನ ಪದ ಕಟ್ಟಿಕೊಂಡು ಹೋದ. ಜಗಳೂರಿನ ಮೇಳದವರು ಅದೇ ಧಾಟಿಗೆ ಹನುಮಂತನ ಪದ ಕಟ್ಟಿ ಮೊದಲೇ ಹಾಡಿಬಿಟ್ಟರು. ಬ್ರಹ್ಮಚಾರಿ ದೇವರಿಗೆ ಹೆಂಡದ ಹಾಡು ಸರಿಯೇ ಎಂದು ದೊಡ್ಡಪ್ಪ ತಕರಾರು ತೆಗೆದ. ಸಂಸಾರಸ್ಥ ದೇವರಿಗೆ ಸರಿಯೇ ಎಂದು ಅವರು ಕೇಳಿದರು. ಗದಿಗೆಪ್ಪ ಮಾವ ತಬಲಾದ ಮೇಲೆ ತಲೆಯಿಟ್ಟು ನಗುತ್ತಿದ್ದನಂತೆ.

ಮಾವನ ಕಷ್ಟವೇ ಅದು. ಹೊನ್ನಾಳಿ ಟಾಕೀಸಿಗೆ ಬಂದ ಒಂದು ಸಿನಿಮಾವನ್ನೂ ಬಿಟ್ಟವನಲ್ಲ. ಹಾಗಾಗಿ ದೊಡ್ಡಪ್ಪ ಕಣ್ಣು ಮುಚ್ಚಿ ಭಕ್ತಿಯಿಂದ ಎತ್ತುಗಡೆ ಮಾಡಿದರೆ ಸಾಕು, ಮಾವನ ಕಣ್ಣಮುಂದೆ ಕುಣಿತ ಶುರು. ನಗು ತಡೆಯಲಾಗದೆ ತಾಳ ತಪ್ಪುತ್ತಿತ್ತು. ಅಂಥ ಒಂದು ದಿನವೇ, ಜಗುಲಿಯ ಮೇಲೆ ಗಿರಿಜತ್ತೆಯ ಎದುರಿಗೆ, ಅವನು ದೊಡ್ಡಪ್ಪನಿಗೆ ಒಂದು ಕರಾರು ಹಾಕಿದ.

"ಲೇ ಹಾಲಪ್ಪ, ನಾ ಸತ್ರೆ ನೀನೇ ಹಾಡಬೇಕು. ಆದ್ರೆ ಸಿನಿಮಾ ಧಾಟಿ ಬ್ಯಾಡ."

"ಯಾಕೋ? ಅದಕ್ಕೇನಾಗೈತೆ?"

"ನಂಗೆ ನಗು ಬರ್ತೈತಪ್ಪ. ಇದೇ ಜಗಲಿ ಮ್ಯಾಲೆ ನನ್ನ ಕೂರಿಸಿರ್ತಾರೆ, ಮಂದಿ ಅಳ್ತಾ ಇರ್ತಾರೆ, ನೀ ಹಾಡಾಕೆ ಶುರು ಮಾಡ್ತೀಯ, ನನ್ನ ಕಣ್ಮುಂದೆ ಹೀರೋಯಿನ್ ಮಳೆಯಾಗೆ ನೆನ್ಕಂಡು ಬರ್ತಾಳೆ. ಕುಂತಲ್ಲೇ ನಕ್ಕುಬಿಡ್ತೀನಿ. ಆಮ್ಯಾಲೆ ಮಣ್ಣು ಮಾಡಾಕೂ ಬರಲ್ಲ, ಬಿಡಾಕೂ ಬರಲ್ಲ."

"ಬಿಡ್ತು ಅನ್ರಿ" ಎಂದು ಗಿರಿಜತ್ತೆ ಒಳಗಿನಿಂದ ಬೈದಳು.

"ಇಷ್ಟು ವರ್ಷ ಕದ್ದಿದ್ದೇ ಹಾಡಿದೀಯ. ನನಗೊಂದು ಸ್ವಂತದ್ದು ಮಾಡಿ ಹಾಡಲೇ. ಯಾವ ಸಿನಿಮಾದಾಗೂ ಇರಬಾರದು. ಮಾತು ಕೊಡು."

ಕದ್ದಿದ್ದು ಎಂಬ ಮಾತು ದೊಡ್ಡಪ್ಪನಿಗೆ ಚುಚ್ಚಿತು. ಹಾರ್ಮೋನಿಯಂ ಮೇಲೆ ಕೈಯಿಟ್ಟು ಮಾತು ಕೊಟ್ಟ. ಇದು ಯಾವಾಗಲೋ ಆದ ತಮಾಷೆ. ಕಳೆದ ವರ್ಷ ಮಾವ ಹಾಸಿಗೆ ಹಿಡಿದು, ಶಿವಮೊಗ್ಗದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಾಗ ತಮಾಷೆಯಾಗಿ ಉಳಿಯಲಿಲ್ಲ. ದೊಡ್ಡಪ್ಪ ದಿನಾ ಹೋಗಿ ಮಂಚದ ಪಕ್ಕ ಕೂರುತ್ತಿದ್ದ. ಮಾವ ಉಸಿರು ಸಾಕಾಗದ ದನಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದ: "ಎಲ್ಲಿಗೆ ಬಂತೋ ನನ್ನ ಧಾಟಿ?"

ಧಾಟಿ ಎಲ್ಲಿಗೂ ಬಂದಿರಲಿಲ್ಲ. ಜೀವಮಾನದಲ್ಲಿ ಒಂದು ಸಾಲು ರಾಗವನ್ನೂ ಸ್ವಂತ ಹುಟ್ಟಿಸದ ಮನುಷ್ಯ ಈಗ ಹಾರ್ಮೋನಿಯಂ ಮುಂದೆ ಬೆಳಗಿನಿಂದ ಕೂತು ಬೆವರುತ್ತಿದ್ದ. ಏನಾದರೂ ಹೊಳೆದರೆ ಅಡುಗೆಮನೆಗೆ ಓಡಿ ದೊಡ್ಡಮ್ಮನಿಗೆ ಹಾಡಿ ತೋರಿಸುತ್ತಿದ್ದ. ದೊಡ್ಡಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ತೀರ್ಪು ಕೊಡುತ್ತಿದ್ದಳು. "ಇದಾ? ಗುಡ್ಡದ ಮ್ಯಾಲೆ ಉರುಳಾಡ್ತಾರಲ್ಲ, ಅದು." ಇನ್ನೊಂದು ದಿನ, "ಇದು ಟ್ರೈನಿನ ಮ್ಯಾಲೆ ನಿಂತ್ಕಂಡು ಹಾಡ್ತಾರೆ ನೋಡ್ರಿ, ಅದು." ಮತ್ತೊಂದು ದಿನ, "ಇದು ಅಣ್ಣ ತಂಗಿ ಸಿನಿಮಾದ್ದು. ತಂಗಿ ಸಾಯ್ತಾಳೆ." ಪಾಪ ದೊಡ್ಡಪ್ಪ ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದ. ಸಿನಿಮಾದವರು ಇರುವ ಸ್ವರಗಳನ್ನೆಲ್ಲ ಬಳಸಿ ಮುಗಿಸಿದ್ದಾರೆ, ನನಗೆ ಅಂತ ಏನೂ ಉಳಿಸಿಲ್ಲ ಎಂದು ನನಗೆ ಫೋನು ಮಾಡಿ ಹೇಳಿದ. ದನಿ ಅಳುವ ಹಾಗಿತ್ತು. "ಅವನು ನನ್ನ ನಂಬಿ ಕುಂತಾನೆ ಕಣವ್ವ" ಎಂದ. ಸಾಯಲಿಕ್ಕೆ ಹೊರಟವನು ನಂಬಿ ಕೂತಿದ್ದಾನೆ ಎಂಬ ಮಾತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಈಗ ನನ್ನ ವಿಷಯ. ನಾನಿರುವುದು ನ್ಯಾಮತಿಯಲ್ಲಿ. ನ್ಯಾಮತಿ ತಾಲ್ಲೂಕಾದ ಮೇಲೆ ಆಫೀಸುಗಳ ಬೋರ್ಡು ಬದಲಾದವು, ಬಸ್‌ಸ್ಟ್ಯಾಂಡಿನ ನೊಣಗಳು ಹಳೆಯವೇ. ನನಗೊಬ್ಬಳು ಮಗಳು, ಚಿನ್ನಿ, ಆಗಿನ್ನೂ ಯುಕೆಜಿ. ಅವಳನ್ನು ನಾನು ಮಾದರಿಯಾಗಿ ಬೆಳೆಸುತ್ತಿದ್ದೆ. ಮನೆಯಲ್ಲಿ ಕಾರ್ಟೂನ್ ಇಲ್ಲ, ಮೊಬೈಲು ಇಲ್ಲ, ಬರೀ ಪಂಚತಂತ್ರ ಮತ್ತು ಸೊಪ್ಪು. ಇದನ್ನು ಸ್ಟಾಫ್ ರೂಮಿನಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಬೇರೆ ಟೀಚರುಗಳು ನನ್ನನ್ನು ಕಂಡರೆ ಹಾಜರಿ ಪುಸ್ತಕ ತಿರುವಿ ಹಾಕತೊಡಗುತ್ತಿದ್ದರು. ನಾನು ಶಾಲೆಯಿಂದ ಬರುವ ತನಕ ಚಿನ್ನಿ ಪಕ್ಕದ ಮನೆಯಲ್ಲಿ ಇರುತ್ತಿದ್ದಳು. ಅಲ್ಲಿ ಏನು ನಡೆಯುತ್ತದೆಂದು ನಾನು ಕೇಳಲಿಲ್ಲ. ಮಾದರಿ ತಾಯಂದಿರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ?

ಒಂದು ಭಾನುವಾರ ದೊಡ್ಡಪ್ಪ ನಮ್ಮ ಮನೆಗೆ ಬಂದ. ಚಿನ್ನಿ ಬಚ್ಚಲಲ್ಲಿ ನೀರಾಡುತ್ತಾ ಬರೀ "ಲಾ ಲಾ ಲಾ" ಎಂದು ಏನೋ ಹಾಡುತ್ತಿದ್ದಳು. ಪದವಿಲ್ಲ, ಬರೀ ರಾಗ. ಎರಡು ಸಾಲು ಹಾಡಿ ಒಂದು ಕ್ಷಣ ತಡೆಯುವುದು, ಮತ್ತೆ ಎರಡು ಸಾಲು. ದೊಡ್ಡಪ್ಪನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು.

"ಇದನ್ನ ಯಾರು ಹೇಳಿಕೊಟ್ರವ್ವ ಕೂಸಿಗೆ?"

"ಯಾರೂ ಇಲ್ಲ ದೊಡ್ಡಪ್ಪ. ನಮ್ಮ ಮನೇಲಿ ಟೀವಿನೇ ಹಾಕಲ್ಲ. ತಾನೇ ಕಟ್ಕಂಡು ಹಾಡ್ತಾಳೆ" ಎಂದೆ. ನನಗಾದ ಹೆಮ್ಮೆಗೆ ಮನೆ ಸಾಲಲಿಲ್ಲ. ಮುಂದಿನ ವಾರವೇ ಸಂಗೀತದ ಕ್ಲಾಸಿಗೆ ಸೇರಿಸುವುದು, ಮೊದಲ ಕಛೇರಿಗೆ ಯಾವ ಬಣ್ಣದ ಲಂಗ ಎಂಬುದನ್ನೆಲ್ಲ ನಿಂತ ನಿಲುವಿನಲ್ಲಿ ತೀರ್ಮಾನಿಸಿಬಿಟ್ಟೆ. ದೊಡ್ಡಪ್ಪ ಬಚ್ಚಲ ಬಾಗಿಲಿಗೆ ಕಿವಿಯಿಟ್ಟು ಅಷ್ಟನ್ನೂ ಕಲಿತ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ. ದೊಡ್ಡಮ್ಮ ಕೇಳಿ, ರೊಟ್ಟಿ ತಟ್ಟುವುದನ್ನು ಮೊದಲ ಬಾರಿಗೆ ನಿಲ್ಲಿಸಿ, "ಇದು ಯಾವ ಸಿನಿಮಾದಾಗೂ ಇಲ್ಲ ನೋಡ್ರಿ" ಎಂದಳಂತೆ.

ಆ ಧಾಟಿಗೆ ದೊಡ್ಡಪ್ಪ ತಾನೇ ಪದ ಕಟ್ಟಿದ.

ಹೊರಟೆನಯ್ಯ ಶಂಕರ,
ಹಗುರವಾಯ್ತು ಸಂಸಾರ

ಇಷ್ಟು ಹಾಡಿ ಒಂದು ಕ್ಷಣ ಮೌನ. ಆಮೇಲೆ,

ಹೊಳೆಯ ದಾಟಿ ಬರುವೆನಯ್ಯ,
ಹಿಡಿಯೊ ನನ್ನ ಕೈಯ

ಮತ್ತೆ ಮೌನ. ಈ ಮೌನ ಯಾಕೆ ಎಂಬುದರ ಬಗ್ಗೆ ಮೇಳದಲ್ಲಿ ದೊಡ್ಡ ಚರ್ಚೆಯಾಯಿತು. ತಾಳದವನು ಅಲ್ಲೊಂದು ಏಟು ಹಾಕೋಣ ಎಂದ. ದೊಡ್ಡಪ್ಪ ಬಿಲ್‌ಕುಲ್ ಒಪ್ಪಲಿಲ್ಲ. "ಕೂಸು ಅಲ್ಲಿ ಖಾಲಿ ಬಿಟ್ಟೈತೆ. ಖಾಲಿನೇ ಇರಲಿ. ಅಲ್ಲಿ ಹಾಡೋರು ಯಾರೂ ಇಲ್ಲ, ಕೇಳೋರು ಯಾರೂ ಇಲ್ಲ." ಮಠಕ್ಕೆ ಹೋಗಿ ಬರುತ್ತಿದ್ದ ಹಿರಿಯರೊಬ್ಬರು ಅದು ಬಯಲು, ಶೂನ್ಯ, ಜೀವ ಹೋಗಿ ಶಿವನನ್ನು ಸೇರುವ ಸಂಧಿ ಎಂದು ಅರ್ಥ ಹೇಳಿದರು. ನನಗೂ ಫೋನಿನಲ್ಲಿ ಅದನ್ನು ಕೇಳಿಸಿದರು. ಕನ್ನಡದ ಟೀಚರಾಗಿ ನಾನೂ ಅಲ್ಲಮನ ಬಯಲಿನ ಬಗ್ಗೆ ನಾಲ್ಕು ಮಾತು ಸೇರಿಸಿದೆ.

ಇದಾದ ಸ್ವಲ್ಪ ದಿನಕ್ಕೆ ಗದಿಗೆಪ್ಪ ಮಾವ ಹೋದ. ಅವನು ಬದುಕಿರುವಾಗ ಕೇಳಿಸಬಾರದೆಂದು ದೊಡ್ಡಪ್ಪ ಧಾಟಿಯನ್ನು ಗುಟ್ಟಾಗಿಟ್ಟಿದ್ದ. "ಸಿಕ್ತು ಕಣೋ" ಎಂದಷ್ಟೇ ಹೇಳಿದ್ದನಂತೆ. "ಹಂಗಾದ್ರೆ ಹೋಗಬಹುದು ಬಿಡು" ಎಂದಿದ್ದನಂತೆ ಮಾವ.

ನಾನು ಚಿನ್ನಿಯನ್ನು ಕರೆದುಕೊಂಡು ಹೋಗುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಮಾವನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಿಗೆ ಹೂವಿನ ಹಾರ. ಬೀದಿಯ ಮಕ್ಕಳೆಲ್ಲ ಎದುರು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಚಿನ್ನಿಯೂ ಹೋಗಿ ಕೂತಳು. ಗಿರಿಜತ್ತೆ ಬೆಳಗಿನಿಂದ ಅತ್ತೇ ಇಲ್ಲ ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು. ಗಂಡನ ಪಕ್ಕ ಸುಮ್ಮನೆ ಕೂತು ಅವನ ರುಮಾಲಿನ ಮೇಲಿನ ನೊಣ ಓಡಿಸುತ್ತಿದ್ದಳು.

ಮೇಳದವರು ಎರಡು ಸಾಲಾಗಿ ಕೂತರು. ತಬಲಾ ಬೇರೆಯವರ ಕೈಯಲ್ಲಿತ್ತು. ದೊಡ್ಡಪ್ಪ ಹಾರ್ಮೋನಿಯಂಗೆ ನಮಸ್ಕಾರ ಮಾಡಿ, ಗೆಳೆಯನ ಮುಖ ನೋಡಿ, ಕಣ್ಣು ಮುಚ್ಚಿ ಶುರು ಮಾಡಿದ. ದನಿ ನಡುಗುತ್ತಿತ್ತು, ಆದರೆ ಚೆನ್ನಾಗಿತ್ತು.

"ಹೊರಟೆನಯ್ಯ ಶಂಕರ, ಹಗುರವಾಯ್ತು ಸಂಸಾರ..."

ಮೌನ ಬರಬೇಕಾದ ಜಾಗ ಬಂತು.

"ಡುಬುಕ್!" ಎಂದವು ಕಟ್ಟೆಯ ಮೇಲಿನ ಮಕ್ಕಳೆಲ್ಲ ಒಟ್ಟಿಗೆ.

ಯಾರೋ ಗದರಿಸಿದರು. ದೊಡ್ಡಪ್ಪ ಕಣ್ಣು ತೆರೆಯಲಿಲ್ಲ. ಮುಂದುವರಿಸಿದ.

"ಹೊಳೆಯ ದಾಟಿ ಬರುವೆನಯ್ಯ, ಹಿಡಿಯೊ ನನ್ನ ಕೈಯ..."

"ಡುಬುಕ್!"

ಈ ಸಲ ಇನ್ನೂ ಜೋರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನನ್ನ ಮಾದರಿ ಮಗಳು. ಹೊಳೆ ದಾಟಲು ಹೊರಟ ಜೀವ ನಡುನೀರಲ್ಲಿ ಬಿದ್ದ ಹಾಗಾಯಿತು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದೆ. "ಏನೇ ಅದು?" ಎಂದರೆ, "ಅಮ್ಮಾ, ಅಜ್ಜ ಡುಬ್ಬಣ್ಣನ ಹಾಡು ಹಾಡ್ತಾ ಇದಾರೆ. ಪಕ್ಕದ ಮನೇಲಿ ದಿನಾ ಬರುತ್ತೆ. ಡುಬ್ಬಣ್ಣ ಬಕೀಟಿಗೆ ಬಿದ್ದಾಗ ಎಲ್ಲಾರೂ ಡುಬುಕ್ ಅನ್ಬೇಕು" ಎಂದಳು. ಉಳಿದ ಮಕ್ಕಳೂ ತಲೆಯಾಡಿಸಿದವು. ಡುಬ್ಬಣ್ಣ ಒಂದು ಕಪ್ಪೆಯಂತೆ. ಈಜು ಬರುವುದಿಲ್ಲವಂತೆ.

ಹಾರ್ಮೋನಿಯಂ ಉಸಿರು ಬಿಟ್ಟು ನಿಂತಿತು. ಬಚ್ಚಲಿನಲ್ಲಿ ಚಿನ್ನಿ ಯಾಕೆ ತಡೆದು ನಿಲ್ಲುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಬಯಲೂ ಇಲ್ಲ, ಶೂನ್ಯವೂ ಇಲ್ಲ. ಆ ಹೊತ್ತಿಗೆ ಅವಳು ಚೊಂಬನ್ನು ಬಕೀಟಿಗೆ ಎಸೆಯುತ್ತಿದ್ದಳು, ನಾವು ಅದನ್ನು ನೀರಾಟದ ಸದ್ದೆಂದುಕೊಂಡಿದ್ದೆವು. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ. "ಕೊನೆಗೂ ಕದ್ದಿದ್ದೇ ಆಯ್ತಲ್ಲೋ ಗದಿಗೆ" ಎಂದು ಹೆಣಕ್ಕೆ ಹೇಳಿದ. ಎಲ್ಲರೆದುರು, ಮೇಳದ ಮುಂದೆ, ಮಾತು ತಪ್ಪಿದವನಾಗಿ ತಲೆ ತಗ್ಗಿಸಿ ಕೂತ.

ನಮ್ಮೂರಿನವರು ಒಬ್ಬ ಮನುಷ್ಯನನ್ನು ಸುಮ್ಮನೆ ದುಃಖಪಡಲು ಬಿಡುವವರಲ್ಲ. ಅಲ್ಲೇ ಪಂಚಾಯಿತಿ ಶುರುವಾಯಿತು.

"ಇದು ಕಾರ್ಟೂನಿಂದು. ಅವನು ಹೇಳಿದ್ದು ಸಿನಿಮಾ ಅಂತ. ಮಾತು ಎಲ್ಲಿ ತಪ್ಪಿತು?" ಎಂದ ತಾಳದವನು.

"ಕಾರ್ಟೂನ್ ಅಂದ್ರೆ ಸಿನಿಮಾನೇ ಅಲ್ಲೇನೋ? ಪರದೆ ಮ್ಯಾಲೆ ಬರ್ತೈತೆ."

"ಪರದೆ ಮ್ಯಾಲೆ ವಾರ್ತೆನೂ ಬರ್ತೈತೆ. ಅದೂ ಸಿನಿಮಾನಾ? ಸಿನಿಮಾ ಅಂದ್ರೆ ಹೀರೋಯಿನ್ ಇರಬೇಕು, ಫೈಟ್ ಇರಬೇಕು."

ಮಠದ ಹಿರಿಯರು ಚಿನ್ನಿಯನ್ನು ಹತ್ತಿರ ಕರೆದು, "ಏನವ್ವಾ, ಆ ಕಪ್ಪೆಗೆ ಹೆಂಡ್ತಿ ಇದಾಳಾ?" ಎಂದು ಗಂಭೀರವಾಗಿ ಕೇಳಿದರು.

ಚಿನ್ನಿ ಯೋಚಿಸಿ, "ಇಲ್ಲ. ಅಮ್ಮ ಇದಾಳೆ" ಎಂದಳು.

"ನೋಡ್ರಪ್ಪಾ, ಹೀರೋಯಿನ್ ಇಲ್ಲ. ಫೈಟ್?"

"ಬಾತುಕೋಳಿ ಜೊತೆ" ಎಂದಳು ಚಿನ್ನಿ.

ವ್ಯಾಜ್ಯ ಮತ್ತೆ ಮೊದಲಿಗೇ ಬಂತು. "ನೀವು ಓದಿದೋರು, ಹೇಳ್ರಿ ಮೇಡಂ" ಎಂದು ನನ್ನ ಕಡೆ ತಿರುಗಿದರು. ಅಲ್ಲಮನ ಬಗ್ಗೆ ಅಷ್ಟು ಧಾರಾಳವಾಗಿ ಮಾತಾಡಿದವಳಿಗೆ ಕಪ್ಪೆಯ ಬಗ್ಗೆ ಬಾಯಿ ಬರಲಿಲ್ಲ. ಹೆಣ ಕೂರಿಸಿ ಹೊರುವ ವಿಮಾನ ಕಟ್ಟುತ್ತಿದ್ದವರು ಬಿದಿರು ಕೆಳಗಿಟ್ಟು ತಾವೂ ಸೇರಿಕೊಂಡರು. ಇದು ಇತ್ಯರ್ಥವಾಗದೆ ಹೆಣ ಏಳುವುದಿಲ್ಲ ಎನ್ನುವಂತಾಯಿತು.

ಆಗ ಗಿರಿಜತ್ತೆ ಬಾಯಿಬಿಟ್ಟಳು.

"ಸಿನಿಮಾ ಧಾಟಿ ಹಾಡಿದ್ರೆ ಕುಂತಲ್ಲೇ ನಗ್ತೀನಿ ಅಂದಿದ್ರು. ನನ್ನೆದುರಿಗೇ ಅಂದಿದ್ರು. ನಕ್ರಾ ನೋಡ್ರಿ."

ಎಲ್ಲರೂ ಮಾವನ ಮುಖ ನೋಡಿದೆವು. ಸುಮ್ಮನೆ ನೋಡಿದ್ದಲ್ಲ, ನಿಜವಾಗಿ ನೋಡಿದೆವು. ತುಟಿ ಅಲುಗೀತು ಎಂದು ನನಗಂತೂ ಅನ್ನಿಸಿತು. ಜೀವಮಾನವೆಲ್ಲ ನಗಬಾರದ ಜಾಗದಲ್ಲೇ ನಕ್ಕ ಮನುಷ್ಯ ಅವನು. ವಿಭೂತಿಯ ಮುಖ ಹಾಗೇ ಇತ್ತು. ಒಬ್ಬೊಬ್ಬರಾಗಿ ಕಣ್ಣು ಬೇರೆ ಕಡೆ ತಿರುಗಿಸಿದರು. ದೊಡ್ಡಪ್ಪ ಮಾತ್ರ ತಿರುಗಿಸಲಿಲ್ಲ. ಮುಂದಕ್ಕೆ ಬಾಗಿ, ಉಸಿರು ಹಿಡಿದು, ನೋಡುತ್ತಲೇ ಇದ್ದ. ಆ ಮುಖದಲ್ಲಿ ಒಂದೇ ಒಂದು ನಗು ಬಂದಿದ್ದರೆ ಊರ ಮುಂದೆ ಮಾತು ತಪ್ಪಿದವನಾಗಿ, ಕಳ್ಳನಾಗಿ, ಎಷ್ಟು ಸಂತೋಷದಿಂದ ಎದ್ದು ಕುಣಿಯುತ್ತಿದ್ದನೋ.

"ನಗಲಿಲ್ಲ" ಎಂದ ಕೊನೆಗೆ.

"ಇಲ್ಲ" ಎಂದಳು ಗಿರಿಜತ್ತೆ. ಬೆಳಗಿನಿಂದ ತಡೆದದ್ದು ಆಗ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಲೇ, "ಹಾಡ್ರಿ ಮತ್ತೆ" ಎಂದಳು.

ದೊಡ್ಡಪ್ಪ ಹಾರ್ಮೋನಿಯಂ ಎಳೆದುಕೊಂಡು ಮೊದಲಿನಿಂದ ಎತ್ತಿಕೊಂಡ. ಹೊರಟೆನಯ್ಯ ಶಂಕರ, ಹಗುರವಾಯ್ತು ಸಂಸಾರ. ಖಾಲಿ ಜಾಗ ಬಂತು. ಬೈಸಿಕೊಂಡಿದ್ದ ಮಕ್ಕಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದವು. ತಾಳ ನಿಂತಿತ್ತು. ದೊಡ್ಡಪ್ಪ ಒಂದು ಕ್ಷಣ ಕಾದ, ಮಾವನ ಕಡೆಗೆ ಬಾಗಿದ, ಒಡೆದ ದನಿಯಲ್ಲಿ ತಾನೇ ಮೆಲ್ಲಗೆ "ಡುಬುಕ್" ಎಂದ.